ಕಾರಿನಮ್ಮನ ಮೇಲಿನ ಸ್ವರ

ಹಾಡುಗಾರ್ತಿಯೊಬ್ಬರ ಎದುರಿಗೇ ನಿಂತು, "ಮೇಡಂ, ನಿಮ್ಮ ಹಾಡನ್ನು ನೀವೇ ತಪ್ಪು ಹಾಡಿದಿರಿ" ಎಂದು ಹೇಳಿದ ಮಹಾನುಭಾವ ನಾನೇ. ಹೇಳಿ ಸುಮ್ಮನಾಗಲಿಲ್ಲ, ಸರಿಯಾಗಿ ಹೇಗೆ ಹಾಡಬೇಕು ಎಂದು ಹಾಡಿಯೂ ತೋರಿಸಿದೆ. ಆಕೆಗೆ ಎಪ್ಪತ್ತು ದಾಟಿದೆ, ನಾನು ಹುಟ್ಟುವ ಮುಂಚಿನಿಂದ ಹಾಡುತ್ತಿದ್ದಾರೆ. ನನಗೆ ಸಂಗೀತ ಬರುವುದಿಲ್ಲ. ಈ ಎರಡು ಸಂಗತಿಗಳಲ್ಲಿ ಒಂದಾದರೂ ಆ ಗಳಿಗೆಯಲ್ಲಿ ನೆನಪಾಗಬಹುದಿತ್ತು, ಆಗಲಿಲ್ಲ. ನಗುವುದಿದ್ದರೆ ಈಗ ಸ್ವಲ್ಪ ನಕ್ಕು ಸ್ವಲ್ಪ ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ತಪ್ಪು ನನ್ನದಲ್ಲ, ಕಾರಿನದು. ಸಿಡ್ನಿಗೆ ಬಂದ ಹೊಸದರಲ್ಲಿ ಪೆನ್ರಿತ್ ಕಡೆಯ ಒಬ್ಬ ಮುದುಕನಿಂದ ಹಳೆಯ ಬಿಳಿ ಕಾರು ತಗೊಂಡೆ. ಬ್ರೇಕು, ಟೈರು, ಕ್ಲಚ್ಚು ಎಲ್ಲ ನೋಡಿದೆ. ನೋಡುವುದು ಅಂದರೆ ಟೈರಿಗೆ ಕಾಲಲ್ಲಿ ಒಮ್ಮೆ ಒದ್ದು, ಗೊತ್ತಿರುವವರ ಥರ ತಲೆ ಆಡಿಸಿದೆ. ಸಿಡಿ ಪ್ಲೇಯರನ್ನು ಮಾತ್ರ ನೋಡಲಿಲ್ಲ. ಮನೆಗೆ ತಂದಮೇಲೆ ಗೊತ್ತಾಯಿತು, ಒಳಗೆ ಒಂದು ಸಿಡಿ ಸಿಕ್ಕಿಹಾಕಿಕೊಂಡಿದೆ. ಹೊರಗೆ ಬರುವುದಿಲ್ಲ, ರೇಡಿಯೋಗೆ ಜಾಗ ಬಿಡುವುದಿಲ್ಲ, ಫೋನನ್ನು ಹತ್ತಿರ ಸೇರಿಸುವುದಿಲ್ಲ. ಕೀ ತಿರುಗಿಸಿದರೆ ಸಾಕು, ಮೊದಲು ಪಿಯಾನೋ, ಆಮೇಲೆ ಒಂದು ಉಸಿರು, ಆಮೇಲೆ ಒಬ್ಬಾಕೆಯ ಹಾಡು. ಮುದುಕನಿಗೆ ಫೋನ್ ಮಾಡಿದರೆ, "ಸಿಡಿ ಫ್ರೀ, ಮೇಟ್" ಎಂದು ಇಟ್ಟುಬಿಟ್ಟ.

ಆಗ ನಾನಿದ್ದದ್ದು ಮಾರ್ಸ್ಡನ್ ಪಾರ್ಕಿನಲ್ಲಿ, ವತ್ಸಲಾ ಆಂಟಿಯ ಮನೆಯ ಹಿಂದಿನ ಗ್ರ್ಯಾನಿ ಫ್ಲಾಟಿನಲ್ಲಿ. ಅಜ್ಜಿಯರಿಗೆಂದು ಕಟ್ಟಿದ ಮನೆ, ಒಳಗೆ ನಾನು. ಆಂಟಿ ಧಾರವಾಡದವರು. ಅವರ ಆಫೀಸೂ ನನ್ನ ಆಫೀಸೂ ಪ್ಯಾರಮ್ಯಾಟಾದಲ್ಲಿ. ಅವರಿಗೆ ಲೈಸೆನ್ಸ್ ಇದೆ; ಆದರೆ ರೌಂಡಬೌಟ್ ಎದುರಾದರೆ, "ಎಲ್ಲಾರೂ ಹೋಗ್ಲಿ ತಡಿ" ಎಂದು ನಿಂತುಬಿಡುತ್ತಾರೆ, ಹಿಂದೆ ಅರ್ಧ ಸಬರ್ಬ್ ನಿಂತುಬಿಡುತ್ತದೆ. ಹಾಗಾಗಿ ದಿನಾ ನನ್ನ ಕಾರಲ್ಲೇ ಬರುತ್ತಿದ್ದರು. ನಮ್ಮ ಕಡೆ ಮನೆಗಳು ಎದ್ದಷ್ಟು ಬೇಗ ರಸ್ತೆಗಳು ಏಳಲಿಲ್ಲ. ಬೆಳಿಗ್ಗೆ ಗ್ಯಾರೇಜಿಂದ ಹೊರಟು ದೊಡ್ಡ ರಸ್ತೆ ಮುಟ್ಟುವಷ್ಟರಲ್ಲಿ ಆ ಸಿಡಿಯಲ್ಲಿ ಮೂರು ಪ್ರೇಮ ಹುಟ್ಟಿ, ಎರಡು ಮುರಿದಿರುತ್ತಿದ್ದವು.

ಮೊದಲ ದಿನ ಆಂಟಿ ಸ್ವಲ್ಪ ಹೊತ್ತು ಕೇಳಿ ನನ್ನ ಕಡೆ ತಿರುಗಿದರು. "ಏನೋ ಮಂಗ್ಯಾ, ಈಕಿ ಹಾಡ್ಲಿಕ್ಕೆ ಹತ್ಯಾಳೋ, ಆಕಳಿಸ್ಲಿಕ್ಕೆ ಹತ್ಯಾಳೋ?"

ಮಂಗ್ಯಾ ನಾನು. ಎಲ್ಲರನ್ನೂ ಅಣಕಿಸುತ್ತೇನೆ, ಅದಕ್ಕೆ. ಹುಟ್ಟುಗುಣ, ಏನು ಮಾಡುವುದು! ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆಯುವಾಗ ನಾನು ಕುಕ್ಕರಿನ ಸೀಟಿ ಹಾಕಿದರೆ ಅಮ್ಮ ಓಡಿಬಂದು ಒಲೆ ಆರಿಸುತ್ತಿದ್ದಳು. ಆವತ್ತು ಅನ್ನ ಅರೆಬೆಂದಿರುತ್ತಿತ್ತು. ಹುಡುಗನಿಗೆ ಕಂಠ ಇದೆ ಎಂದು ಯಾರೋ ಹೇಳಿದ್ದಕ್ಕೆ ಪಾಪ, ಪಕ್ಕದ ಬೀದಿಯ ಸಂಗೀತದ ಮೇಷ್ಟ್ರ ಹತ್ತಿರ ಸೇರಿಸಿದಳು. ಚಾಪೆ, ಶ್ರುತಿಪೆಟ್ಟಿಗೆ, ಒಳಗಿಂದ ಬರುವ ಡಿಕಾಕ್ಷನ್ ವಾಸನೆ. ಮೇಷ್ಟ್ರು ಮೂಗಲ್ಲಿ ಹಾಡುತ್ತಿದ್ದರು. ನಾನೂ ಮೂಗಲ್ಲೇ ಹಾಡಿದೆ. ಅವರು ನಡುವೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನೂ ಅದೇ ಜಾಗದಲ್ಲಿ ಸರಿಮಾಡಿಕೊಂಡೆ. ಗುರು ಹಾಡಿದ ಹಾಗೇ ಹಾಡಬೇಕು, ಕೂದಲೆಳೆ ಆಚೀಚೆ ಆಗಬಾರದು ಎಂದು ಹೇಳಿಕೊಟ್ಟವರೂ ಅವರೇ ಅಲ್ಲವೇ? ತಿಂಗಳು ಕಳೆಯುವುದರೊಳಗೆ ಅಮ್ಮನನ್ನು ಕರೆಸಿ, "ನೋಡಮ್ಮ, ನಿಮ್ಮ ಹುಡುಗನಿಗೆ ಸಂಗೀತ ಬರಲ್ಲ. ನಾನು ಬರ್ತೀನಿ" ಎಂದು ಕೈಮುಗಿದರು. ನನ್ನ ಸಂಗೀತಾಭ್ಯಾಸ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಮಾತ್ರ ಈಗಲೂ ಬರುತ್ತಾರೆ, ಯಾವಾಗ ಕೇಳಿದರೂ ಮಾಡಿ ತೋರಿಸುತ್ತೇನೆ.

ಇಂಥವನ ಕಾರಿನಲ್ಲಿ ಒಂದೇ ಸಿಡಿ ಸಿಕ್ಕಿಕೊಂಡರೆ ಏನಾಗಬೇಕೋ ಅದೇ ಆಯಿತು. ಆಕೆ ಎಲ್ಲಿ ಉಸಿರೆಳೆಯುತ್ತಾರೆ, ಎಲ್ಲಿ ಸಾಲಿನ ನಡುವೆ ನಗು ತಡೆಯುತ್ತಾರೆ, ಪಿಯಾನೋದವನು ಎಲ್ಲಿ ಮೆಲ್ಲಗೆ "ಹ್ಞೂಂ" ಅನ್ನುತ್ತಾನೆ, ಎಲ್ಲ ನನ್ನ ನಾಲಿಗೆಗೆ ಬಂತು. ಐದನೇ ಹಾಡಿನ ಕೊನೆ ನನ್ನ ಮೆಚ್ಚಿನದು. ಇಡೀ ಹಾಡು ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಸಾಗಿ, ಕೊನೆಯ ಪದಕ್ಕೆ ಬಂದಾಗ ಸಣ್ಣದೊಂದು "ಟಕ್" ಶಬ್ದ. ತಕ್ಷಣ ಆಕೆಯ ದನಿ ಗುಬ್ಬಚ್ಚಿ ಹಾರಿದ ಹಾಗೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಏನು ಧೈರ್ಯ, ಏನು ಕಲ್ಪನೆ ಎಂದು ಕೆಂಪು ದೀಪದಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಹಿಂದಿನ ಕಾರಿನವರು ಹಾರ್ನ್ ಮಾಡಿ ಎಬ್ಬಿಸುತ್ತಿದ್ದರು. ಆ "ಟಕ್" ಕೂಡ ಕಲೆಯ ಭಾಗವೇ ಎಂದು ಅದನ್ನೂ ನಾಲಿಗೆಯಲ್ಲಿ ಹಾಕುತ್ತಿದ್ದೆ.

ಹಾಡುಗಳು ಆಕೆಯವಲ್ಲ. ಅಮೆರಿಕದಲ್ಲಿ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ನಾಟಕಕ್ಕೂ ಸಿನಿಮಾಕ್ಕೂ ಕೆಲವರು ಹಾಡು ಕಟ್ಟಿದ್ದರು. ನಾಟಕ ಮರೆತುಹೋಯಿತು, ಹಾಡು ಉಳಿಯಿತು. ಜಾಝ್ ಹಾಡುವವರೆಲ್ಲ ಇವತ್ತಿಗೂ ಅದನ್ನೇ ತಮ್ಮ ತಮ್ಮ ಥರ ಹಾಡುತ್ತಾರೆ. ಇದನ್ನು ಅಂತರ್ಜಾಲದಲ್ಲಿ ಓದಿ ಬಹಳ ತಿಳಿದವನ ಹಾಗೆ ಹೇಳಿದೆ. ಆಂಟಿಗೆ ಅದು ಹೊಸದೆನಿಸಲಿಲ್ಲ.

"ನಮ್ಮ ದಾಸರ ಪದ ಇದ್ದಂಗ ಅದ ಬಿಡು. ಕಟ್ಟಿದಾಂವ ಒಬ್ಬ, ಹಾಡಾಂವರು ಊರ ಮಂದಿ."

"ಆದ್ರೆ ಆಂಟಿ, ನಮ್ಮಲ್ಲಿ ಬಾ ಬಾ ಅಂತ ಕರೆಯೋದು ದೇವರನ್ನ. ಇವರು ಕರೆಯೋದು ಬಾಯ್‌ಫ್ರೆಂಡನ್ನ."

"ದೇವರಾದರ ಬಂದಾನು. ಇವರ ಪಾಡು ನೋಡು ಪಾಪ."

ಪಾಪ ಎನ್ನಲು ಶುರುಮಾಡಿದ ಮೇಲೆ ಆಂಟಿ ಸೋತ ಹಾಗೇ. ಒಂದು ವಾರ ಆಕಳಿಕೆ ಎಂದರು. ಆಮೇಲೆ ಒಂದು ಬೆಳಿಗ್ಗೆ ತೊಡೆ ಮೇಲೆ ಬೆರಳು ತಟ್ಟುತ್ತಿದ್ದವರು ನಿಲ್ಲಿಸಿ, "ಏ, ದನಿ ಏರಸು" ಅಂದರು.

"ಈಕಿ ಸಮ್ ಬಂದು ಹೋದಮ್ಯಾಲೆ ಬರ್ತಾಳಲ್ಲೋ! ಪಿಯಾನೋದಾಂವ ಬಾಗಿಲದಾಗ ಕಾಯ್ಕೋತ ನಿಂತಿರ್ತಾನ, ಈಕಿ ಒಳಗ ಇನ್ನೂ ಸೀರಿ ನಿರಿಗಿ ಸರಿ ಮಾಡ್ಕೋತಿರ್ತಾಳ. ಆದ್ರ ಗಾಡಿ ಒಮ್ಮೆನೂ ತಪ್ಪೂದಿಲ್ಲ ನೋಡು. ಕಳ್ಳಿ!"

ಸಮ್ ಅಂದರೆ ತಾಳದ ಮೊದಲ ಪೆಟ್ಟು. ಎಲ್ಲರೂ ಬಂದು ಕೂಡಿಕೊಳ್ಳುವ ಜಾಗ. ಆಂಟಿ ಧಾರವಾಡದಲ್ಲಿ ಮದುವೆಯ ತನಕ ಹಿಂದೂಸ್ತಾನಿ ಕಲಿತವರು ಎಂದು ನನಗೆ ಗೊತ್ತಾದದ್ದೇ ಆವತ್ತು. ಫೋನ್ ಹಿಡಿದರೆ ಹಾಡಿದವರ ಹೆಸರು ಅದೇ ಹೇಳುತ್ತದೆ, ಹೇಳಿತು ಕೂಡ. ಅಮೆರಿಕದವರೇನಲ್ಲ, ಮೆಲ್ಬರ್ನಿನವರು. ಅಷ್ಟರಲ್ಲಿ ಆಂಟಿ ಆಕೆಗೆ ಕಾರಿನಮ್ಮ ಎಂದು ಹೆಸರಿಟ್ಟಾಗಿತ್ತು, ಊರ ಗಡಿ ಕಾಯುವ ದೇವರಿಗೆ ಇಟ್ಟ ಹಾಗೆ. ನಾನೂ ಅದನ್ನೇ ಬಳಸುತ್ತೇನೆ.

ಕ್ರಮೇಣ ಆಂಟಿ ಕಾರಿನಮ್ಮನ ಹಿಂದೆ ಗುನುಗತೊಡಗಿದರು. ಸಂಜೆ ಟ್ರಾಫಿಕ್ಕಿನಲ್ಲಿ, ಕಿಟಕಿ ಏರಿಸಿಕೊಂಡು, ಕೆಳಗಿನ ಸ್ವರಗಳಲ್ಲಿ. ದನಿ ಒಣಮೆಣಸಿನಕಾಯಿ ಹುರಿದಂತೆ ಸ್ವಲ್ಪ ಗರಗರ. ಆದರೆ ನಿಂತ ಕಡೆ ಗಟ್ಟಿ. "ಮುಂದೆ ಹಾಡಿ ಆಂಟಿ" ಎಂದರೆ ತಟ್ಟನೆ ನಿಲ್ಲಿಸಿ, "ಇಂಡಿಕೇಟರ್ ಹಾಕು" ಅನ್ನುತ್ತಿದ್ದರು. ಒಮ್ಮೆ ಮಾತ್ರ ತಮ್ಮ ಕಾಲೇಜು ದಿನಗಳ ಕ್ಯಾಸೆಟ್ಟಿನ ತುಣುಕು ಕೇಳಿಸಿದರು. ಅಕ್ಕ ಊರಿಂದ ಫೋನಿಗೆ ಕಳಿಸಿದ್ದು. ಅದರಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಮೇಲಿನ ಷಡ್ಜಕ್ಕೆ ಹೋಗಿ ದೀಪ ಹಚ್ಚಿಟ್ಟ ಹಾಗೆ ನಿಂತುಬಿಡುತ್ತಾಳೆ. ನಾನು ಬಾಯಿಬಿಟ್ಟುಕೊಂಡು ನೋಡಿದೆ.

"ಇದು ನೀವಾ?"

"ಆ ಹುಡುಗಿ ಧಾರವಾಡದಾಗ ಉಳಿದ್ಲು. ನಾ ಅಷ್ಟ ಇಲ್ಲಿಗೆ ಬಂದೆ" ಎಂದು ಫೋನನ್ನು ಬ್ಯಾಗಿಗೆ ಹಾಕಿಕೊಂಡರು.

ಇದಾದಮೇಲೆ ನನಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ ಒಂದು ಬ್ಯಾಂಕಿನ ಕೆಲಸ ಸಿಕ್ಕಿತು. ಕಾರನ್ನು ಓಡಿಸಿಕೊಂಡೇ ಹೋದೆ. ಸಿಡ್ನಿಯಿಂದ ಮೆಲ್ಬರ್ನಿಗೆ ಹಗಲೆಲ್ಲ ದಾರಿ. ಕಾರಿನಮ್ಮ ಹಾಡಿದ್ದನ್ನೇ ಹಾಡುತ್ತ ನನ್ನ ಜೊತೆ ಬಂದರು. ಆಲ್ಬರಿ ದಾಟುವಾಗ ಬೇಲಿಯಾಚೆಯ ಕುರಿಗಳೂ ತಾಳ ಹಾಕುತ್ತಿರುವ ಹಾಗೆ ಕಂಡವು. ಅಲ್ಲಿ ಸೇರಿದಮೇಲೆ ಕಾರಿಗೆ ಕೆಲಸವೇ ಇಲ್ಲ, ಎಲ್ಲಕ್ಕೂ ಟ್ರ್ಯಾಮು. ಆದರೂ ವಾರಕ್ಕೊಮ್ಮೆ ಬೇಸ್‌ಮೆಂಟಿಗೆ ಇಳಿದು ಕೀ ತಿರುಗಿಸಿ ಒಂದು ಹಾಡು ಕೇಳಿ ಬರುತ್ತಿದ್ದೆ. ಪಕ್ಕದ ಪಾರ್ಕಿಂಗಿನವನು ನನಗೆ ಮನೆಯಲ್ಲಿ ಏನೋ ತೊಂದರೆ ಎಂದುಕೊಂಡು ಒಂದು ದಿನ ಬೆನ್ನು ಸವರಿ ಹೋದ.

ಗಣೇಶನ ಹಬ್ಬಕ್ಕೆ ಸಿಡ್ನಿಗೆ ಹೋದಾಗ ನಾನು ಎಡವಟ್ಟು ಮಾಡಿದೆ. ಟೂಂಗಾಬಿಯ ಸಮುದಾಯ ಭವನದಲ್ಲಿ ಕನ್ನಡದವರೆಲ್ಲ ಸೇರಿದ್ದರು. ಊಟದ ನಂತರ ಪದ್ಧತಿಯಂತೆ ನನ್ನನ್ನು ಎಬ್ಬಿಸಿದರು. ಸಂಘದ ಕಾರ್ಯದರ್ಶಿ ಪ್ರಭಾಕರ್ ಅಂಕಲ್ ಮೈಕ್ ಹಿಡಿದರೆ, "ಒನ್ ಲಾಸ್ಟ್ ಪಾಯಿಂಟು" ಎಂದು ಆರು ಸಲ ಹೇಳುವುದನ್ನು ಮಾಡಿದೆ. ಅವರ ಹೆಂಡತಿಯೇ ಹೆಚ್ಚು ನಕ್ಕರು. ಮಾರ್ಟ್‌ಗೇಜ್ ಬಗ್ಗೆ ಮಾತಾಡುವಾಗ ಗಂಡಸರ ದನಿ ಹೇಗೆ ಇಳಿಯುತ್ತದೆ ಎಂದು ಮಾಡಿದೆ. ಕಾರಿನಮ್ಮನನ್ನು "ಟಕ್" ಸಮೇತ ಮಾಡಿದೆ. ಚಪ್ಪಾಳೆ ತಲೆಗೇರಿ ಕೊನೆಗೆ ಆ ಕ್ಯಾಸೆಟ್ಟಿನ ಹುಡುಗಿಯನ್ನೂ ಮಾಡಿಬಿಟ್ಟೆ. ಹೆಣ್ಣುಮಕ್ಕಳ ಹಾಗೆ ಕಳ್ಳದನಿ ತೆಗೆದು ಮೇಲಿನ ಷಡ್ಜಕ್ಕೆ ಹೋಗಿ ನಿಂತೆ.

"ಇದ್ಯಾರಪ್ಪ?" ಎಂದರು ಪ್ರಭಾಕರ್ ಅಂಕಲ್.

"ನಮ್ಮ ವತ್ಸಲಾ ಆಂಟಿ!"

ಕೊನೆಯ ಪಂಕ್ತಿಗೆ ಪಲ್ಯ ಬಡಿಸುತ್ತಿದ್ದ ಆಂಟಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಅಂಕಲ್ ಆಗಲೇ, "ರಾಜ್ಯೋತ್ಸವಕ್ಕೆ ಮೇಡಂ ಸ್ಲಾಟ್ ಬುಕ್ ಮಾಡ್ತಿದೀನಿ, ನೋ ಎಕ್ಸ್‌ಕ್ಯೂಸಸ್" ಎಂದು ಘೋಷಿಸಿದ್ದರು.

ಮನೆಗೆ ಬಂದಮೇಲೆ ಆಂಟಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವರಿಗೆ ಆ ಹುಡುಗಿ ಬೇಕಾಗ್ಯಾಳ. ಎಲ್ಲಿಂದ ತರ್ಲೆಪಾ?" ಎಂದರು. "ನನ್ನ ದನಿ ಈಗ ಅಲ್ಲಿ ಏರೂದಿಲ್ಲ. ಏರಲಿಕ್ಕೆ ಹೋದರ ಒಡೀತದ. ಒಡದ್ರ ಮತ್ತ ಗುನುಗಲಿಕ್ಕೂ ಮನಸಾಗೂದಿಲ್ಲ ನನಗ." ಹಾಡಬೇಕೆಂಬ ಆಸೆ ಕಣ್ಣಲ್ಲೇ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತು ಬೇರೆಯವರ ಮಕ್ಕಳ ಹಾಡಿಗೆ ಚಪ್ಪಾಳೆ ತಟ್ಟಿದ್ದು ಸಾಕಾಗಿತ್ತು ಅವರಿಗೆ. ಅಂಕಲ್ಲಿಗೆ ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ.

ಅಕ್ಟೋಬರಿನಲ್ಲಿ ಆಂಟಿಗೆ ಮೆಲ್ಬರ್ನಿನಲ್ಲಿ ಆಫೀಸಿನ ಟ್ರೇನಿಂಗ್ ಬಿತ್ತು. ಶುಕ್ರವಾರ ಮುಗಿಯಿತು. ಭಾನುವಾರ ಮಧ್ಯಾಹ್ನ ಬ್ರನ್ಸ್‌ವಿಕ್ಕಿನ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಕಾರಿನಮ್ಮ ಹಾಡುತ್ತಾರೆ ಎಂದು ನಾನು ಪತ್ತೆ ಮಾಡಿದ್ದೆ. ಸಾಕ್ಷಾತ್ ಕಾರಿನಮ್ಮ! ಟ್ರ್ಯಾಮಿನಲ್ಲಿ ಆಂಟಿ ಸೀರೆಯ ಮೇಲೆ ಸ್ವೆಟರ್ ಹಾಕಿ, ಸೆರಗು ಸುತ್ತಿ, ದೇವಸ್ಥಾನಕ್ಕೆ ಹೊರಟವರ ಹಾಗೆ ಕೂತಿದ್ದರು.

"ಪ್ರಭಾಕರಂದು ಮೂರು ಮಿಸ್ಡ್ ಕಾಲ್ ಅವ. ಇವತ್ತ ಹೇಳಬೇಕಂತ. ನಾ ಕಾರಿನಮ್ಮನ್ನ ಪ್ರಸಾದ ಕೇಳೀನಿ."

ಪ್ರಸಾದ ಕೇಳುವುದು ಗೊತ್ತಲ್ಲ. ದೇವರ ಮೇಲೆ ಹೂವಿಟ್ಟು, ಆಗುವ ಕೆಲಸವಾದರೆ ಬಲಗಡೆ ಬೀಳಿಸು ಎಂದು ಕಣ್ಣು ಮಿಟುಕಿಸದೆ ಕಾಯುವುದು. ಜಾಝ್ ಹಾಡುಗಾರ್ತಿಯ ತಲೆಯ ಮೇಲೆ ಹೂವಿಡಲು ಸೆಕ್ಯೂರಿಟಿಯವರು ಬಿಡುವುದಿಲ್ಲ. ಅದಕ್ಕೆ ಆಂಟಿ ಬೇರೆ ಏರ್ಪಾಟು ಮಾಡಿಕೊಂಡಿದ್ದರು. "ಐದನೇ ಹಾಡಿನ ಕಡೀಕ ಈ ವಯಸ್ಸಿನಾಗೂ ಆಕಿ ಮ್ಯಾಲ ಹೋದ್ಲಂದ್ರ ಬಲಗಡೆ ಬಿತ್ತು, ನಾ ಹಾಡ್ತೀನಿ. ಹೋಗಲಿಲ್ಲಂದ್ರ ಇಲ್ಲ. ಮುಗೀತು."

"ಹೋಗೇ ಹೋಗ್ತಾರೆ ಆಂಟಿ. ನಾನು ಸಾವಿರ ಸಲ ಕೇಳಿದೀನಿ, ಒಂದು ಸಲಾನೂ ತಪ್ಪಿಲ್ಲ" ಎಂದೆ ನಾನು. ಸಿಡಿ ತಪ್ಪುವುದಾದರೂ ಹೇಗೆ ಎಂದು ಯೋಚಿಸಲಿಲ್ಲ.

ಕೋಣೆ ಸಣ್ಣದು. ಬಿಯರಿನ ವಾಸನೆ, ಆಲೂಗಡ್ಡೆ ಕರಿದ ವಾಸನೆ. ಬಂದವರ ತಲೆಗಳೆಲ್ಲ ಬೆಳ್ಳಿ. ಕಾರಿನಮ್ಮ ನನ್ನ ಕಲ್ಪನೆಗಿಂತ ಗಿಡ್ಡ. ಕಾಲಲ್ಲಿ ಕ್ಯಾನ್ವಾಸ್ ಶೂ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಎತ್ತರದ ಸ್ಟೂಲಿನ ಮೇಲೆ ಕೂತು ಹಾಡಿದರು. ಪಿಯಾನೋದವನ ಕೈ ಓಡಿದಾಗ ಜನ ಹಾಡಿನ ನಡುವೆಯೇ ಚಪ್ಪಾಳೆ ತಟ್ಟಿದರು. "ಇವರೂ ಭೇಷ್ ಅಂತಾರಲ್ಲ" ಎಂದು ಆಂಟಿ ಖುಷಿಯಾಗಿ ಲೈಮ್ ಸೋಡಾ ಕೆಳಗಿಟ್ಟು ತೊಡೆಯ ಮೇಲೆ ತಾಳ ಹಿಡಿದರು.

ಕೊನೆಗೂ ಆ ಹಾಡು ಬಂತು. ಗುಟ್ಟು ಹೇಳಿದ ಹಾಗೆ ಸಾಗಿತು. ಕೊನೆಯ ಪದ ಹತ್ತಿರ ಬಂದಾಗ ಕೋಣೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ಆಗ "ಟಕ್" ಎಂದಿತು.

ನಾನೇ. ಅಭ್ಯಾಸಬಲ. ನಾಲಿಗೆ ತಾನಾಗಿ ಹಾಕಿಬಿಟ್ಟಿತು. ಬೆಳ್ಳಿ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಕಾರಿನಮ್ಮನೂ ನೋಡಿದರು, ಹುಬ್ಬೇರಿಸಿದರು, ಮೇಲಕ್ಕೆ ಹೋಗುವ ಬದಲು ಆರಾಮಾಗಿ ಮೆಟ್ಟಿಲಿಳಿದ ಹಾಗೆ ಕೆಳಗಿನ ಸ್ವರಕ್ಕೆ ಹೋಗಿ ಹಾಡು ಮುಗಿಸಿದರು.

ಆಂಟಿಯ ಬೆರಳು ನಿಂತಿತು. "ಆತು. ಎಡಕ್ಕ ಬಿತ್ತು" ಎಂದು ಪರ್ಸಿನಿಂದ ಕರ್ಚೀಫ್ ತೆಗೆದು ಸುಮ್ಮನೆ ಮಡಿಚತೊಡಗಿದರು.

ನನಗೆ ತಡೆಯಲಾಗಲಿಲ್ಲ. ವಿರಾಮದಲ್ಲಿ ನೀರು ಕುಡಿಯುತ್ತಿದ್ದ ಆಕೆಯ ಮುಂದೆ ಹೋಗಿ ನಿಂತೆ. ಆಂಟಿ, "ಏ ಮಂಗ್ಯಾ, ಬಾರೋ ಇಲ್ಲೆ" ಎನ್ನುತ್ತ ಹಿಂದೆಯೇ ಬಂದರು. ನಾನು ಮೊದಲ ಪ್ಯಾರಾದಲ್ಲಿ ಒಪ್ಪಿಕೊಂಡ ಮಾತನ್ನು ಆಡಿದೆ. ಆಕೆ ಸಿಟ್ಟಾಗಲಿಲ್ಲ.

"ಹೌದಾ ಲವ್? ಎಲ್ಲಿ ತಪ್ಪಿದೆ?"

ಇಲ್ಲಿ ಬಸ್ಸಿನ ಡ್ರೈವರೂ ಲವ್ ಅನ್ನುತ್ತಾರೆ. ಆದರೂ ನಾನು ಉಬ್ಬಿದೆ. ಉಸಿರು, ತಡೆದ ನಗು, ಪಿಯಾನೋದವನ "ಹ್ಞೂಂ", ಎಲ್ಲ ಸೇರಿಸಿ ಕೊನೆಯ ಸಾಲು ಹಾಡಿದೆ. "ಟಕ್" ಎಂದೆ. ಗುಬ್ಬಚ್ಚಿ ಹಾರಿಸಿದೆ.

ಕಾರಿನಮ್ಮ ಕನ್ನಡಕ ಏರಿಸಿ ನನ್ನನ್ನು ನೋಡಿದರು. ಆಮೇಲೆ ಮೂಲೆಯಲ್ಲಿ ಚಿಪ್ಸ್ ತಿನ್ನುತ್ತಿದ್ದ ಬಕ್ಕತಲೆಯ ಡ್ರಮ್ಮಿನವನನ್ನು ಕೂಗಿದರು. "ಬಾರೋ ಇಲ್ಲಿ! ನಿನ್ನ ಕಡ್ಡಿ ಇನ್ನೂ ಬೀಳ್ತಾನೇ ಇದೆ!"

ಅವನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಗತಿ ಇಷ್ಟೇ. ರೆಕಾರ್ಡಿಂಗ್ ದಿನ ಸ್ಟುಡಿಯೋದಲ್ಲಿ ಅವನ ಕೈಯಿಂದ ಡ್ರಮ್ಮಿನ ಕಡ್ಡಿ ಜಾರಿ ಬಿತ್ತು. ಟಕ್. ಇವರು ಬೆಚ್ಚಿಬಿದ್ದು ಮೇಲಕ್ಕೆ ಹಾರಿದರು. ಸ್ಟುಡಿಯೋ ಬಿಟ್ಟುಕೊಡುವ ಹೊತ್ತಾಗಿತ್ತು, ಮತ್ತೆ ಹಾಡಲು ಆಗಲಿಲ್ಲ, ಹಾಗೇ ಸಿಡಿಗೆ ಹೋಯಿತು. ನಾನು ಮೂರು ವರ್ಷ ಕಣ್ಣು ಮುಚ್ಚಿ ಭಕ್ತಿಯಿಂದ ಅಣಕಿಸಿದ್ದು ಒಬ್ಬ ಹೆಂಗಸು ಬೆಚ್ಚಿಬಿದ್ದದ್ದನ್ನು.

"ಕಟ್ಟಿದವನು ಕೆಳಗೇ ಕಟ್ಟಿದ್ದು" ಎಂದರು ಕಾರಿನಮ್ಮ. "ಹಾಡಿನಲ್ಲಿ ಆ ಹುಡುಗಿ ಅವನಿಗೆ ಗೊತ್ತಾಗದ ಹಾಗೆ ಬಾಗಿಲು ಎಳೆದುಕೊಂಡು ಹೋಗ್ತಾಳೆ. ಹಾಗೆ ಹೋಗೋವಳು ಕಿರುಚ್ತಾಳಾ?"

ಆಂಟಿ ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ ಮುಂದೆ ಬಂದರು. ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ, ಜನ ಹಳೆಯ ದನಿಯೇ ಬೇಕು ಎನ್ನುವುದಿಲ್ಲವೇ, ಎಂದು ಕೇಳಿದರು. ಆಕೆಯ ಕಾರ್ಯಕ್ರಮದ ಮಾತಲ್ಲ ಅದು, ತಮ್ಮದೇ ಮಾತು. ಆಕೆಗೂ ಗೊತ್ತಾಯಿತು ಅನಿಸುತ್ತದೆ. ಆಂಟಿಯ ಕೈ ಹಿಡಿದುಕೊಂಡು ಉತ್ತರ ಕೊಟ್ಟರು. "ಅಂತಾರೆ. ಅವರಿಗೆ ಸಿಡಿ ಇದೆಯಲ್ಲ. ಇಲ್ಲಿಗೆ ಬಂದವರಿಗೆ ಇವತ್ತಿನ ನಾನು."

ಎರಡನೇ ಭಾಗದಲ್ಲಿ ಆಂಟಿ ಬೇರೆಯೇ ಆಂಟಿ. ಕೆಳಗಿನ ಸ್ವರದಲ್ಲಿ ಕಾರಿನಮ್ಮ ಒಂದು ಪದವನ್ನು ಬಿಸಿ ಹೋಳಿಗೆಗೆ ತುಪ್ಪ ಹಾಕಿದ ಹಾಗೆ ಹರಡಿದಾಗ, "ಭಲೇ!" ಎಂದು ಜೋರಾಗಿ ಅಂದೇಬಿಟ್ಟರು. ಬೆಳ್ಳಿ ತಲೆಗಳು ಮತ್ತೆ ತಿರುಗಿದವು. ಕಾರಿನಮ್ಮ ಹಾಡುತ್ತಲೇ ಆಂಟಿಯ ಕಡೆ ತಲೆ ಬಾಗಿಸಿದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಹೊರಗೆ ಬಂದು ಟ್ರ್ಯಾಮಿಗೆ ಕಾಯುವಾಗ ಆಂಟಿಯ ಎರಡೂ ಕೈಯಲ್ಲಿ ಕಾಫಿ. ಒಂದು ನನ್ನದು, ನಾನು ಟ್ರ್ಯಾಮಿನ ಕಾರ್ಡು ಹುಡುಕುತ್ತಿದ್ದೆ. ಅಷ್ಟರಲ್ಲಿ ಪ್ರಭಾಕರ್ ಅಂಕಲ್ ಫೋನು. ಆಂಟಿ ಹೇಳಿದಂತೆ ಅವರ ಬ್ಯಾಗಿನಿಂದ ಫೋನ್ ತೆಗೆದು ಸ್ಪೀಕರಿಗೆ ಹಾಕಿ ಅವರ ಮುಖದ ಮುಂದೆ ಹಿಡಿದೆ.

"ಮೇಡಂ, ಇನ್ವಿಟೇಷನ್ ಪ್ರಿಂಟಿಗೆ ಹೋಗ್ಬೇಕು. ನಿಮ್ಮ ಹೆಸರು ಹಾಕ್ಲಾ, ಬಿಡ್ಲಾ?"

"ಹಾಕ್ರಿ."

ಎಡಕ್ಕೆ ಬಿದ್ದ ಪ್ರಸಾದದ ಗತಿ ಏನು ಎಂದು ನಾನು ಅವರ ಮುಖ ನೋಡಿದೆ. ಆಂಟಿ ನನ್ನ ಕಡೆ ನೋಡಲೂ ಇಲ್ಲ.

"ಸೂಪರ್ ಮೇಡಂ! ಒನ್ ಲಾಸ್ಟ್ ಪಾಯಿಂಟು. ನಮ್ಮ ಹುಡುಗ ಮಾಡಿ ತೋರಿಸಿದ್ನಲ್ಲ, ಮೇಲಕ್ಕೆ ಹೋಗಿ ಹಾಗೇ ನಿಲ್ಲೋದು, ಅದು ಇರತ್ತೆ ತಾನೇ? ಎಲ್ಲಾ ಅದಕ್ಕೇ ಕಾಯ್ತಾ ಇದಾರೆ."

ನಾನು ಫೋನಿಗೆ ಬಾಯಿಟ್ಟು ಏನೋ ಸಮಜಾಯಿಷಿ ಹೇಳಲು ಹೊರಟೆ. ಆಂಟಿ ಒಂದು ಕಾಫಿಯನ್ನು ನನ್ನ ಕೈಗೆ ತುರುಕಿ ಸುಮ್ಮನಾಗಿಸಿದರು. ಆಮೇಲೆ ಗಡಿಬಿಡಿಯಿಲ್ಲದೆ, ಸ್ವಲ್ಪ ತಡವಾಗಿಯೇ ಹೇಳಿದರು:

"ಪ್ರಭಾಕರ ಅವರ, ಮ್ಯಾಲಿನ ಸ್ವರ ಬೇಕಾದವರಿಗೆ ಈ ಮಂಗ್ಯಾ ಇದ್ದಾನ, ಹೊರಗ ಪಾರ್ಕಿಂಗ್‌ನಾಗ ನಿಂತು ಕೂಗ್ತಾನ. ನನ್ನ ಹಾಡು ಕೇಳಾಂವರು ಒಂಚೂರು ಕೆಳಗ ಇಳದು ಬರ್ಲಿ."